ಒಬ್ಬೊಬ್ಬರಿಗೂ ಬೇರೆ ಅಳು

ತಮ್ಮಾ, ನಿನ್ನ ಅಣ್ಣನ ದಿನಕರ್ಮ ಮುಗಿದ ಮರುದಿನವೇ ನೀನು ಬೆಂಗಳೂರಿನ ಬಸ್ಸು ಹತ್ತಿದೆ. ಫೋನ್ ಮಾಡಿದರೆ "ಆರಾಮ ಅದೀನಿ ಅಜ್ಜಾ" ಅಂತೀ. ನಾನು ನಂಬೂದಿಲ್ಲ. ರೊಟ್ಟಿ ಹಂಚಿನಿಂದ ಇಳಿಯುವ ಮೊದಲೇ ಕೈ ಹಾಕಿ ಬೆರಳು ಸುಟ್ಟುಕೊಳ್ಳುತ್ತಿದ್ದ ಹುಡುಗ ನೀನು. ಈಗ ದುಃಖವನ್ನೂ ಬೇಗ ಮುಗಿಸಿ ಕೈ ತೊಳೆದುಕೊಳ್ಳಲು ನೋಡುತ್ತಿದ್ದೀ.

ಸಾಲುಸಾಲಾಗಿ ಪೆಟ್ಟು ಬಿದ್ದಾಗ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಅಟ್ಟಕ್ಕೆ ಎಸೆಯಬೇಡ. ಗಂಟು ಬಿಚ್ಚು. ಯಾವ ಅಳು ಯಾರದು ಅಂತ ನೋಡು.

ಮೊದಲು ಹೋದದ್ದು ಮನೆ. 2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದ ನೀರಿನ ಜತೆ ಮಾರ್ಕಂಡೇಯ ನದಿಯ ನೀರೂ ಸೇರಿ ಘಟಪ್ರಭೆ ಉಕ್ಕಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿತು. ನೀರು ಇಳಿದ ಮೇಲೆ ನೀನು ರಾಡಿಯಲ್ಲಿ ನಿಂತು ಅವ್ವನ ಮದುವೆಯ ಫೋಟೊ ತಿಕ್ಕುತ್ತಿದ್ದೆ. ಅದರಲ್ಲಿ ಮುಖ ಉಳಿದಿರಲಿಲ್ಲ, ಬರೇ ಸೀರೆಯ ಅಂಚು. "ಜೀವ ಉಳೀತಲ್ಲ, ಸಾಕು" ಅಂದರು ಎಲ್ಲರೂ. ನೀನೂ ಅಳು ನುಂಗಿದೆ. ಮನೆಗಾಗಿ ಅಳುವುದೂ ಅಳುವೇ ಕಣೋ.

2021ರ ಬೇಸಿಗೆಯಲ್ಲಿ ಕೊರೋನಾ ಅವ್ವನನ್ನು ಒಯ್ದಿತು. ಅವಳು ನನ್ನ ಮಗಳು. ಮಣ್ಣಿಗೆ ನಾಲ್ಕು ಜನ ಬರುವ ಹಾಗಿರಲಿಲ್ಲ. ಮುಖವನ್ನೂ ಸರಿಯಾಗಿ ನೋಡಗೊಡಲಿಲ್ಲ. ಮಾತಾಡಿಸಲಿಕ್ಕೆ ಯಾರೂ ಬರಲಿಲ್ಲ, ಪಕ್ಕದ ಮನೆಯಿಂದ ರೊಟ್ಟಿ-ಪಲ್ಯದ ಬುಟ್ಟಿಯೂ ಬರಲಿಲ್ಲ. ನಮ್ಮ ಕಡೆ ಸತ್ತ ಮನೆಯಲ್ಲಿ ಒಲೆ ಹಚ್ಚದಂತೆ ಮಾಡಿದ ಹಿರಿಯರು ದಡ್ಡರಲ್ಲ. ಉಣ್ಣಿಸಲು ಬಂದವರು ಕೂರುತ್ತಾರೆ, ಕೂತವರು ಸತ್ತವರ ಸುದ್ದಿ ತೆಗೆಯುತ್ತಾರೆ, ಸುದ್ದಿ ತೆಗೆದರೆ ಅಳು ಬರುತ್ತದೆ. ಆ ವರ್ಷ ಅದೆಲ್ಲ ನಮಗೆ ಸಿಗಲಿಲ್ಲ.

ಅಣ್ಣ ಹೋದಾಗ ಊರೇ ಬಂದಿತ್ತು. ನೀನೇನು ಮಾಡಿದೆ? ಬಂದವರಿಗೆ ಚಹಾ ಕೊಡುತ್ತಾ, ಪೆಂಡಾಲದವನ ಲೆಕ್ಕ ಚುಕ್ತಾ ಮಾಡುತ್ತಾ ಓಡಾಡಿದೆ. ಒಂದು ಕಡೆ ಕೂತದ್ದನ್ನು ನಾನು ನೋಡಲಿಲ್ಲ.

ನಮ್ಮ ಧಾರವಾಡದ ಬೇಂದ್ರೆಯವರು ಒಂದರ ಹಿಂದೊಂದು ಮಕ್ಕಳನ್ನು ಮಣ್ಣಿಗೆ ಕೊಟ್ಟವರು. ಆದರೂ ಮಗು ತೀರಿಕೊಂಡಾಗ ಹೆಂಡತಿ ತನ್ನತ್ತ ನೋಡಿದ ಒಂದು ನೋಟವನ್ನು ಹಿಡಿದುಕೊಂಡೇ ಇಡೀ ಪದ್ಯ ಬರೆದರು. ನೀನು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದ್ದೆ, ನೆನಪಿರಬೇಕು. ಎಷ್ಟೇ ಸಾವು ಕಂಡಿದ್ದರೂ ಅವರು ಆ ಒಂದು ಸಾವಿನ ಎದುರು ನಿಂತರು. ನೀನೂ ಹಾಗೆ ಮಾಡು. ಇವತ್ತು ಅವ್ವ ಮಾತ್ರ. ಅವಳ ಹಟ, ಅವಳ ಬೈಗುಳ, ಹಬ್ಬಕ್ಕೆ ಮುಂಚೆ ತಾನೇ ಕೂತು ಒತ್ತುತ್ತಿದ್ದ ಶೇವಿಗೆ. ಅಣ್ಣನ ಸುದ್ದಿ ನಾಳೆ. ಅಣ್ಣನ ಜತೆ ಜಗಳವೂ ಇತ್ತಲ್ಲ, ಅದನ್ನು ಮುಚ್ಚಿಡಬೇಡ. ಸಿಟ್ಟಿದ್ದವರಿಗಾಗಿಯೂ ಕರುಳು ಕಿತ್ತು ಬರುತ್ತದೆ.

ಕೆಲಸ ಬಿಡು ಅನ್ನುವುದಿಲ್ಲ. ಮಿಲ್ಲಿನಲ್ಲಿ ಪಾಳಿ ದುಡಿದವ ನಾನು, ಕೈಗೆ ಕೆಲಸವಿದ್ದರೆ ಎಂಟು ತಾಸು ದಾಟುತ್ತದೆ. ಆದರೆ ರೂಮಿಗೆ ಬಂದು ಅವರ ಹೆಸರೂ ಎತ್ತದೆ ಮೊಬೈಲ್ ನೋಡುತ್ತಾ ಮಲಗುತ್ತೀಯಲ್ಲ, ಅದು ಬೇಡ. ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟರೆ, ಬದುಕೇ ಸಾಕೆನಿಸಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗು. ಸರಕಾರದ ಟೆಲಿ-ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಅದಕ್ಕೆ ರೊಕ್ಕ ಇಲ್ಲ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಮಳೆಗಾಲದಲ್ಲಿ ಬಂದರೆ ಗೋಕಾಕ ಫಾಲ್ಸಿಗೆ ಹೋಗೋಣ, ರವಿವಾರ ಬೇಡ, ಗದ್ದಲ. ಮಹಾಲಿಂಗೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತುಕೋ. 52 ಮೀಟರ್ ಮೇಲಿಂದ ಕೆಂಪು ನೀರು ಬೀಳುವ ಸದ್ದಿಗೆ ಪಕ್ಕದವನ ಮಾತೂ ಕೇಳುವುದಿಲ್ಲ. ಎಷ್ಟು ಜೋರಾಗಿ ಅತ್ತರೂ ನಡೆಯುತ್ತದೆ.

ಮಾನೌಮಿ ಅಮಾಸಿಗಂತೂ ತಪ್ಪಿಸಬೇಡ. ಅವ್ವನಿಗೊಂದು ಎಡೆ, ಅಣ್ಣನಿಗೊಂದು ಎಡೆ, ಬೇರೆ ಬೇರೆ ಹಾಕೋಣ. ಅಣ್ಣನ ಎಡೆಗೆ ಕರದಂಟು ನಾನು ತಂದಿಡುತ್ತೇನೆ. ಅವ್ವನಿಗೆ ಏನಿಡಬೇಕು ಅನ್ನುವುದನ್ನು ನೀನು ಹೇಳು. ರಜೆ ಇವತ್ತೇ ಕೇಳಿಬಿಡು, ಕಡೇ ಗಳಿಗೆಗೆ ಸಿಗಲಿಲ್ಲ ಅಂದರೆ ನಾನು ಕೇಳುವವನಲ್ಲ.