ಹೊಸ ಯಂತ್ರವೂ ಶಾಲೆಯ ಹಿರಿಯರ ಕಾಯಕವೂ

ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಡಕ್ಕೆ ಬಂದವರಿಗೆ ಅಂಬಿಗರ ಚೌಡಯ್ಯನ ನೆನಪು ಬಾರದೆ ಇರದು. ಜನರನ್ನು ಹೊಳೆ ದಾಟಿಸುವುದೇ ಆ ಶರಣನ ಕಾಯಕ. ಅಂಬಿಗನಾದವನು ಮೊದಲು ನೀರಿನ ಆಳವನ್ನೂ ಸೆಳವನ್ನೂ ತಾನೇ ಅರಿತಿರಬೇಕು. ಬಳಿಕ ದಡದಲ್ಲಿ ಉಳಿದವರಾರೆಂದು ತಿರುಗಿ ನೋಡಬೇಕು. ಹೊಸ ಯಂತ್ರಗಳು ಊರನ್ನು ಹೊಕ್ಕಾಗ ಶಾಲೆಯ ಮುಖ್ಯೋಪಾಧ್ಯಾಯರ ಮೇಲೆ ಬೀಳುವ ಹೊಣೆಯೂ ಇಂಥದೇ.

ಯಂತ್ರವನ್ನು ದೂಷಿಸಿ ಫಲವಿಲ್ಲ. ವಿಜಾಪುರದ ಫ. ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಓಲೆಗರಿಯಲ್ಲಿದ್ದ ವಚನಗಳು ಮನೆಮನೆಗೆ ಬಂದುದು ಅಚ್ಚಿನ ಯಂತ್ರದಿಂದಲೇ ಅಲ್ಲವೆ? ಯಂತ್ರವು ಯಾರನ್ನು ಮುಟ್ಟಿತು, ಯಾರನ್ನು ಬಿಟ್ಟಿತು ಎಂಬುದೇ ವಿಚಾರಣೀಯವಾದ ಸಂಗತಿ.

2020ರಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಚಂದನ ವಾಹಿನಿಯಲ್ಲಿಯೂ ಮೊಬೈಲಿನಲ್ಲಿಯೂ ಬರತೊಡಗಿದವು. ಎಲ್ಲ ಮನೆಗಳಿಗೂ ಬರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ರಾಜ್ಯದಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಲಾಯಿತು: ಅಂತರ್ಜಾಲವುಳ್ಳ ಮೊಬೈಲ್ ಇದ್ದವರು, ಮಾತಿಗೆ ಮಾತ್ರ ಒದಗುವ ಮೊಬೈಲ್ ಇದ್ದವರು, ಯಾವುದೂ ಇಲ್ಲದವರು. ಉಪಾಧ್ಯಾಯರು ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಇಲ್ಲದವರನ್ನು ಮೊದಲು ಎಣಿಸುವ ಆ ಕ್ರಮ ಮರೆಯತಕ್ಕುದಲ್ಲ.

ಆ ಎಣಿಕೆಯಲ್ಲಿಯೂ ಒಂದು ಮರೆಮಾಚು ಉಂಟು. ಮನೆಯಲ್ಲಿ ಮೊಬೈಲ್ ಇದೆಯೆಂದ ಮಾತ್ರಕ್ಕೆ ಅದು ಮಗುವಿನ ಕೈಗೆ ಬಂದಂತಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಚೀಲ ಹೇರಿಕೊಂಡು ಹೋದ ರೈತನಿಗೆ ಧಾರಣೆ ಕೇಳಲು, ಹಣ ಜಮೆಯಾದುದನ್ನು ತಿಳಿಯಲು ಆ ಒಂದೇ ಮೊಬೈಲ್ ಬೇಕು. ಆತ ಮರಳುವವರೆಗೆ ಮಗುವಿನ ಪಾಠವೂ ಮಾರುಕಟ್ಟೆಯಲ್ಲಿಯೇ! ಮರಳಿದ ಬಳಿಕ ಮೊದಲು ಅಣ್ಣನ ಸರದಿ, ಉಳಿದರೆ ತಂಗಿಯದು. ಅಕ್ಕಮಹಾದೇವಿಯ ಹೆಸರನ್ನು ನಿತ್ಯ ಸ್ಮರಿಸುವ ಗೃಹಸ್ಥರು ತಮ್ಮ ಮನೆಯಲ್ಲಿ ಹೀಗಾಗುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಇದನ್ನು ಸುತ್ತೋಲೆಯಿಂದ ಸರಿಪಡಿಸಲಾಗದು. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ; ತಂದೆತಾಯಂದಿರೇ ಅದರ ಸದಸ್ಯರು. ಸಮಿತಿಯ ಸಭೆಯೆಂದರೆ ಕಟ್ಟಡದ ರಿಪೇರಿಯ ಮಾತೊಂದೇ ಆಗಬಾರದು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಪಾಠ ತೆರೆದುಕೊಳ್ಳುವ ಬಗೆಯನ್ನು ತಾಯಂದಿರ ಕೈಯಿಂದಲೇ ಮಾಡಿಸಬೇಕು. ಬ್ಯಾಂಕಿನವರೆಂದು ಹೇಳಿಕೊಂಡು ಗುಪ್ತಸಂಖ್ಯೆ ಕೇಳುವ ಕರೆಗಳ ಮೋಸವನ್ನೂ ಅಲ್ಲಿಯೇ ತಿಳಿಸಬೇಕು. ಅಂಥ ಕರೆಗೆ ಬೆದರಿದ ಮನೆಯವರು ಮಗುವಿನ ಕೈಗೆ ಮೊಬೈಲ್ ಕೊಡಲಾರರು. ತಮಗೆ ತಿಳಿಯದುದನ್ನು ಮುಖ್ಯೋಪಾಧ್ಯಾಯರು ಕಿರಿಯ ಶಿಕ್ಷಕರಿಂದ ಎಲ್ಲರೆದುರು ಕೇಳಿ ಕಲಿತರೆ, ಅಕ್ಷರ ಬಾರದ ತಂದೆಗೂ ಕೇಳುವ ಧೈರ್ಯ ಬರುವುದು.

ಸಭೆಯ ವೇಳೆಯನ್ನೂ ಯೋಚಿಸಬೇಕು. ಹಾವೇರಿ ಸೀಮೆಯಲ್ಲಿ ಮಧ್ಯಾಹ್ನ ಕರೆದರೆ ಹೊಲದವರು ಬರಲಾರರು. ದೀಪ ಹಚ್ಚಿದ ಮೇಲೆ, ಯಾವುದೂ ಇಲ್ಲದ ಮನೆಗಳಿರುವ ಓಣಿಯಲ್ಲಿಯೇ ಸಭೆ ಸೇರುವುದು ಲೇಸು.