ಟಿಕೆಟ್ಟಿನ ಗಂಟೆಯೇ ಪ್ರಯಾಣದ ಗಂಟೆಯಲ್ಲ

ಕೊಹಿನೂರ ಸೀಮೆಯ ಬಂಧುಗಳೇ, ಬೀದರ್‌ನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 520 ಕಿ.ಮೀ.; ವಿಮಾನಕ್ಕೆ ಒಂದು ಗಂಟೆ ಚಿಲ್ಲರೆ ಸಾಕು. ಆದರೆ ಆ ಲೆಕ್ಕ ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಊರಿನಿಂದ ಬೀದರ್ ಮುಟ್ಟುವ ಹೊತ್ತು, ಮೊದಲೇ ಹೋಗಿ ತಪಾಸಣೆಗೆ ನಿಲ್ಲುವ ಹೊತ್ತು, ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೆಜೆಸ್ಟಿಕ್‌ವರೆಗಿನ ಸುಮಾರು 35 ಕಿ.ಮೀ. ದಟ್ಟಣೆ, ಎಲ್ಲ ಕೂಡಿಸಿದರೆ ಅರ್ಧ ದಿನ ಬೇಕೇ ಬೇಕು. ಆಸ್ಪತ್ರೆಗೋ ಸಂದರ್ಶನಕ್ಕೋ ಹೊರಟವರು ದಯವಿಟ್ಟು ಇದನ್ನು ಮರೆಯಬೇಡಿ. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್ ನಿಲ್ದಾಣ ತೆರೆದದ್ದು ನಮಗೆ ದೊಡ್ಡ ಆಸರೆಯೇ. ಆದರೂ ಬೀದರ್ ವಿಮಾನ ನಡುವೆ ನಿಂತುಹೋದದ್ದುಂಟು. ಹೊರಡುವ ದಿನ ವಿಮಾನ ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲವಾದರೆ ಹುಮನಾಬಾದ್‌ನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಹೋಗಬಹುದು.