ಮಲೆನಾಡಿನಲ್ಲೊಂದು ಮರದ ಹಡಗು

ಸಮುದ್ರವೇ ಕಾಣದ ಮೂಡಿಗೆರೆ, ಕಳಸಗಳ ಕಾಫಿ ತೋಟಗಳ ನಡುವೆ ಕುಳಿತು ಹಡಗು ಕಟ್ಟುವುದೇ ಎಂದು ಓದುಗರು ನಗಬಹುದು. ಆದರೆ ಈ ಬೆಟ್ಟಗಳಿಗೂ ಹಾಯಿಹಡಗುಗಳಿಗೂ ಇರುವ ನಂಟು ಹಳೆಯದು. ಇಲ್ಲಿ ಬೆಳೆದ ಕಾಫಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರನ್ನು ಸೇರಿ, ಅಲ್ಲಿಂದ ಹಡಗನ್ನೇರಿ ಯೂರೋಪಿಗೆ ಹೋಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವುದಕ್ಕೆ ಮೊದಲು ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಹೋಗಬೇಕಾಗಿದ್ದುದರಿಂದ ಈ ಯಾನಕ್ಕೆ ಹಲವು ತಿಂಗಳುಗಳು ಹಿಡಿಯುತ್ತಿದ್ದವು. ಮರದ ಒಡಲಿನ ತೇವದಲ್ಲಿ ಕಾಫಿಬೀಜವು ಉಬ್ಬಿ, ಹಸಿರು ಬಣ್ಣವನ್ನು ಕಳೆದುಕೊಂಡು ಹಳದಿಯಾಗುತ್ತಿತ್ತು; ಅದರ ಹುಳಿಯೂ ತಗ್ಗುತ್ತಿತ್ತು. ಉಗಿಹಡಗು ಮತ್ತು ಹೊಸ ಕಾಲುವೆಗಳಿಂದ ಯಾನವು ಚಿಕ್ಕದಾದ ಮೇಲೆ ಬೀಜವು ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿಗೆ ಒಗ್ಗಿದವರಿಗೆ ಅದು ಹಿಡಿಸಲಿಲ್ಲ. ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಹರವಿ ‘ಮಾನ್‌ಸೂನ್ಡ್ ಮಲಬಾರ್’ ಕಾಫಿಯನ್ನು ತಯಾರಿಸುವ ಪದ್ಧತಿ ಬಂದದ್ದು ಹೀಗೆ.

ಈ ನಂಟನ್ನು ನೆನೆದು ನಾವು ಕೆಲವು ವಿದ್ಯಾರ್ಥಿಗಳೊಡನೆ ಒಂದು ಮಳೆಗಾಲವೆಲ್ಲ ಕುಳಿತು ‘ಮಂಜಿ’ಯ ಮಾದರಿಯೊಂದನ್ನು ಕಟ್ಟಿದೆವು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಗಳಿಗೆ ಸರಕು ಸಾಗಿಸುತ್ತ ಬಂದಿರುವ ಮರದ ಹಡಗಿಗೆ ಮಂಜಿ ಎಂದು ಹೆಸರು. ಹಿಂದೆ ಹಾಯಿಯ ಬಲದಿಂದ ಚಲಿಸುತ್ತಿದ್ದ ಈ ಹಡಗಿಗೆ ಈಗ ಎಂಜಿನು ಬಂದಿದೆ. ನಾವು ಆರಿಸಿಕೊಂಡದ್ದು ಹಾಯಿಯ ಮಂಜಿಯನ್ನು. ನಮ್ಮ ಮಾದರಿಯು ನೀರಿನಲ್ಲಿ ಎರಡು ಸಲ ಮಗುಚಿಕೊಂಡಿತು. ಏಕೆ ಮಗುಚಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಳತೆಯೂ ಮರವೂ

25 ಮೀಟರು ಉದ್ದದ ಹಡಗನ್ನು ಐವತ್ತರಲ್ಲಿ ಒಂದರ ಪ್ರಮಾಣಕ್ಕೆ ಇಳಿಸಿದರೆ ಮಾದರಿಯ ಉದ್ದವು 50 ಸೆಂ.ಮೀ. ಆಗುತ್ತದೆ. 5 ಸೆಂ.ಮೀ. ದಪ್ಪದ ಹಲಗೆಯು 1 ಮಿ.ಮೀ. ಪಟ್ಟಿಯಾಗುತ್ತದೆ. ಮೊದಲು ಅಡಿಮರವನ್ನು ನಿಲ್ಲಿಸಬೇಕು; ಅದಕ್ಕೆ ಪಕ್ಕೆಲುಬುಗಳನ್ನು ಜೋಡಿಸಬೇಕು; ಬಳಿಕ ಇಕ್ಕೆಲಗಳಲ್ಲಿಯೂ ಒಂದೊಂದೇ ಪಟ್ಟಿಯನ್ನು ಸರದಿಯಂತೆ ಅಂಟಿಸಬೇಕು. ಒಂದೇ ಪಕ್ಕವನ್ನು ಮೊದಲು ಮುಗಿಸಿದರೆ ಅಡಿಮರವು ಆ ಕಡೆಗೆ ಬಾಗುತ್ತದೆ.

ಮರಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ನೆರಳಿಗಾಗಿ ತೋಟದಲ್ಲಿ ಬೆಳೆಸುವ ಸಿಲ್ವರ್ ಓಕ್‌ನಿಂದ ಪಟ್ಟಿಗಳನ್ನೂ, ಹಲಸಿನಿಂದ ಪಕ್ಕೆಲುಬುಗಳನ್ನೂ ಮಾಡಿದೆವು. ಕಿತ್ತುಹಾಕಿದ ಮುದಿ ಕಾಫಿಗಿಡದ ಕಾಂಡವು ಗಟ್ಟಿಯಾಗಿಯೂ ನಯವಾದ ಎಳೆಯುಳ್ಳದ್ದಾಗಿಯೂ ಇರುವುದರಿಂದ ಚುಕ್ಕಾಣಿ, ರಾಟೆ ಮೊದಲಾದ ಸಣ್ಣ ಭಾಗಗಳಿಗೆ ಅದೇ ಲೇಸು. ಕೂವೆಕಂಬಕ್ಕೆ, ಎಂದರೆ ಹಾಯಿಯನ್ನು ಹೊರುವ ಕಂಬಕ್ಕೆ, ಬಿದಿರು ಸಾಕು.

ಆದರೆ ಮಲೆನಾಡಿನ ಮಳೆಗಾಲದಲ್ಲಿ ಮರವು ಸುಮ್ಮನಿರುವುದಿಲ್ಲ. ಗಾಳಿಯ ತೇವವನ್ನು ಹೀರಿ ಅದು ಎಳೆಗಳಿಗೆ ಅಡ್ಡಲಾಗಿ ಹಿಗ್ಗುತ್ತದೆ. ಎಳೆಗಳ ಉದ್ದಕ್ಕೆ ಆಗುವ ವ್ಯತ್ಯಾಸವು ಬಹಳ ಅಲ್ಪ. ಅಡುಗೆಮನೆಯ ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿದ ಪಟ್ಟಿಗಳನ್ನು ಇಳಿಸಿದ ಕೂಡಲೇ ಅಂಟಿಸಿದೆವು. ಹದಿನೈದು ದಿನಗಳಲ್ಲಿ ಅವು ಹಿಗ್ಗಿ ಒಂದನ್ನೊಂದು ನೂಕಿ ಉಬ್ಬಿ ನಿಂತವು. ಕಾಫಿಬೀಜವನ್ನು ಉಬ್ಬಿಸುವ ತೇವವೇ ನಮ್ಮ ಹಲಗೆಗಳನ್ನೂ ಉಬ್ಬಿಸಿತ್ತು. ಪಟ್ಟಿಗಳನ್ನು ಕೆಲಸದ ಕೋಣೆಯಲ್ಲಿಯೇ ಎರಡು ವಾರ ಇಟ್ಟು, ಅಲ್ಲಿಯ ತೇವಕ್ಕೆ ಹೊಂದಿಕೊಂಡ ಬಳಿಕ ಅಂಟಿಸಿ, ಕಡೆಗೆ ವಾರ್ನಿಷ್ ಬಳಿಯುವುದು ಸರಿಯಾದ ಕ್ರಮ.

ಮೊದಲನೆಯ ಮಗುಚುವಿಕೆ

ಮಳೆ ನಿಂತ ಮೇಲೆ ತೋಟದ ಕೆರೆಯಲ್ಲಿ ಮಾದರಿಯನ್ನು ಬಿಟ್ಟೆವು. ಕೈ ತೆಗೆದೊಡನೆ ಅದು ಪಕ್ಕಕ್ಕೆ ಹೊರಳಿ ಕೂವೆಕಂಬವನ್ನು ನೀರಿನ ಮೇಲೆ ಚಾಚಿ ಮಲಗಿತು. ಅಳತೆಗಳೆಲ್ಲ ಸರಿಯಾಗಿದ್ದವು. ತಪ್ಪು ತೂಕದಲ್ಲಿತ್ತು.

ಉದ್ದವು ಐವತ್ತರಲ್ಲಿ ಒಂದಾದರೆ ಗಾತ್ರವು 50×50×50, ಎಂದರೆ 1,25,000ದಲ್ಲಿ ಒಂದಾಗುತ್ತದೆ. ಸರಕು ತುಂಬಿದ ಹಡಗಿನ ತೂಕವು 200 ಟನ್ ಎಂದಿಟ್ಟುಕೊಂಡರೆ ಮಾದರಿಯು 1,600 ಗ್ರಾಂ ತೂಗಬೇಕು. ನಮ್ಮದು ತೂಗಿದ್ದು 900 ಗ್ರಾಂ ಮಾತ್ರ. ಅದರಲ್ಲಿಯೂ ಹೆಚ್ಚಿನ ಪಾಲು ಮೇಲಿನ ಡೆಕ್ಕಿನಲ್ಲಿತ್ತು. ಆರ್ಕಿಮಿಡೀಸನ ತತ್ತ್ವದಂತೆ ಅದು 900 ಗ್ರಾಂ ನೀರನ್ನು ಮಾತ್ರ ಸರಿಸಿ, ಮುಳುಗಬೇಕಾದಷ್ಟು ಮುಳುಗದೆ ತೇಲಿತು.

ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ಹಡಗಿನ ತೂಕವು ಗುರುತ್ವ ಕೇಂದ್ರದಲ್ಲಿ ಕೆಳಮುಖವಾಗಿ ವರ್ತಿಸುತ್ತದೆ. ನೀರಿನ ಮೇಲ್ಮುಖ ಬಲವು, ಸರಿಸಲ್ಪಟ್ಟ ನೀರಿನ ಕೇಂದ್ರದಲ್ಲಿ, ಎಂದರೆ ಉತ್ಪ್ಲವನ ಕೇಂದ್ರದಲ್ಲಿ, ವರ್ತಿಸುತ್ತದೆ. ಹಡಗು ತುಸು ವಾಲಿದಾಗ ಉತ್ಪ್ಲವನ ಕೇಂದ್ರವು ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಎಳೆದ ಗೆರೆಯು ಹಡಗಿನ ನಡುಗೆರೆಯನ್ನು ಕತ್ತರಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಈ ಬಿಂದುವು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ಹಡಗು ಮರಳಿ ನೆಟ್ಟಗಾಗುತ್ತದೆ. ಕೆಳಗಿದ್ದರೆ ಇನ್ನಷ್ಟು ವಾಲುತ್ತದೆ.

ಇದನ್ನು ವಿದ್ಯಾರ್ಥಿಗಳು ಬಕೆಟ್ಟಿನ ನೀರಿನಲ್ಲಿಯೇ ಪರೀಕ್ಷಿಸಬಹುದು. ಸಾಪೇಕ್ಷ ಸಾಂದ್ರತೆ 0.6 ಇರುವ, 10 ಸೆಂ.ಮೀ. ಅಗಲ ಮತ್ತು 10 ಸೆಂ.ಮೀ. ಎತ್ತರದ ಉದ್ದನೆಯ ಮರದ ತುಂಡೊಂದನ್ನು ತೆಗೆದುಕೊಳ್ಳೋಣ. ಅದು 6 ಸೆಂ.ಮೀ. ಮುಳುಗುತ್ತದೆ, ಉತ್ಪ್ಲವನ ಕೇಂದ್ರವು ತಳದಿಂದ 3 ಸೆಂ.ಮೀ. ಮೇಲಿರುತ್ತದೆ. ಚೌಕದ ತುಂಡಿನಲ್ಲಿ ಮೆಟಾಸೆಂಟರ್ ಅದಕ್ಕಿಂತ ಎಷ್ಟು ಮೇಲಿದೆಯೆಂದು ತಿಳಿಯಲು ಅಗಲದ ವರ್ಗವನ್ನು ಮುಳುಗಿದ ಆಳದ ಹನ್ನೆರಡರಷ್ಟರಿಂದ ಭಾಗಿಸಬೇಕು: 100÷72, ಎಂದರೆ ಸುಮಾರು 1.4 ಸೆಂ.ಮೀ. ಹೀಗಾಗಿ ಮೆಟಾಸೆಂಟರ್ ತಳದಿಂದ 4.4 ಸೆಂ.ಮೀ. ಎತ್ತರದಲ್ಲಿದೆ, ಗುರುತ್ವ ಕೇಂದ್ರವಾದರೋ 5 ಸೆಂ.ಮೀ. ಎತ್ತರದಲ್ಲಿದೆ. ಆದ್ದರಿಂದ ತುಂಡು ಚಪ್ಪಟೆಯಾಗಿ ನಿಲ್ಲದೆ ಹೊರಳುತ್ತದೆ. ಅದೇ ತುಂಡನ್ನು 5 ಸೆಂ.ಮೀ. ಎತ್ತರಕ್ಕೆ ಸೀಳಿದರೆ ಮೆಟಾಸೆಂಟರ್ ಸುಮಾರು 4.3, ಗುರುತ್ವ ಕೇಂದ್ರ 2.5 ಸೆಂ.ಮೀ. ಎತ್ತರದಲ್ಲಿರುತ್ತವೆ; ತುಂಡು ಸ್ಥಿರವಾಗಿ ತೇಲುತ್ತದೆ. ಮರ ಒಂದೇ, ಅಗಲ ಒಂದೇ; ಎತ್ತರ ಮಾತ್ರ ಬೇರೆ.

ಈ ಲೆಕ್ಕವನ್ನರಿಯದೆ ಕಟ್ಟಿದ ಕಾಲದಲ್ಲಿ ಹಡಗುಗಳು ಪ್ರಾಣಗಳನ್ನೇ ಬಲಿ ತೆಗೆದುಕೊಂಡವು. ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆಯು 1628ನೆಯ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿಯೇ, ಸುಮಾರು 1,300 ಮೀಟರು ಸಾಗುವಷ್ಟರಲ್ಲಿ, ಸ್ಟಾಕ್‌ಹೋಮಿನ ಬಂದರಿನೊಳಗೇ ಮಗುಚಿತು. ಸುಮಾರು 30 ಜನರು ಸತ್ತರು. ಅದಕ್ಕೆ ಮೊದಲು 30 ಜನರನ್ನು ಡೆಕ್ಕಿನ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ಭಯಂಕರವಾಗಿ ಹೊಯ್ದಾಡಿದ್ದರಿಂದ ಮೂರು ಸಲ ಓಡಿದ ಮೇಲೆ ಪರೀಕ್ಷೆಯನ್ನು ನಿಲ್ಲಿಸಿದರು. ಯಾನವನ್ನು ಮಾತ್ರ ನಿಲ್ಲಿಸಲಿಲ್ಲ. ಮೆಟಾಸೆಂಟರಿನ ವಿಚಾರವನ್ನು ಫ್ರಾನ್ಸಿನ ಪಿಯರೆ ಬುಗೇ ಎಂಬ ವಿಜ್ಞಾನಿಯು ತನ್ನ ಗ್ರಂಥದಲ್ಲಿ ಪ್ರಕಟಿಸಿದ್ದು 1746ರಲ್ಲಿ.

ನಾವು ಕಬ್ಬಿಣದ ಸರಳಿನ ತುಂಡುಗಳನ್ನು, ಒಟ್ಟು 700 ಗ್ರಾಂ, ಅಡಿಮರದ ಮೇಲೆ ಅಡಿಭಾರವಾಗಿ ಜೋಡಿಸಿದೆವು. ಮಾದರಿಯು ನೆಟ್ಟಗೆ ನಿಂತಿತು. ಎಷ್ಟು ಸ್ಥಿರವೆಂದು ಅಳೆಯಲು ಕೂವೆಕಂಬಕ್ಕೆ 20 ಸೆಂ.ಮೀ. ಉದ್ದದ ತೂಗುದಾರವನ್ನು ಕಟ್ಟಿ, ಡೆಕ್ಕಿನ ಮೇಲೆ 20 ಗ್ರಾಂ ತೂಕವನ್ನು 10 ಸೆಂ.ಮೀ. ಪಕ್ಕಕ್ಕೆ ಸರಿಸಿದೆವು. ದಾರವು 1 ಸೆಂ.ಮೀ. ಸರಿಯಿತು, ಎಂದರೆ ಇಪ್ಪತ್ತರಲ್ಲಿ ಒಂದರಷ್ಟು ವಾಲಿತು. 20×10ನ್ನು 1,600ರ ಇಪ್ಪತ್ತನೆಯ ಒಂದು ಪಾಲಿನಿಂದ, ಎಂದರೆ 80ರಿಂದ, ಭಾಗಿಸಿದರೆ 2.5 ಬರುತ್ತದೆ. ಮೆಟಾಸೆಂಟರ್ ಗುರುತ್ವ ಕೇಂದ್ರಕ್ಕಿಂತ 2.5 ಸೆಂ.ಮೀ. ಮೇಲಿತ್ತು. ದೊಡ್ಡ ಹಡಗುಗಳ ಸ್ಥಿರತೆಯನ್ನು ಇಂದಿಗೂ ಇದೇ ಕ್ರಮದಿಂದ ಪರೀಕ್ಷಿಸುತ್ತಾರೆ.

ಎರಡನೆಯ ಮಗುಚುವಿಕೆ

ಹಾಯಿಯನ್ನು ಬಿಚ್ಚಿದೆವು. ಬೆಟ್ಟದ ಕಡೆಯಿಂದ ಒಂದು ಸಾಧಾರಣ ಗಾಳಿ ಬೀಸಿತು. ಮಾದರಿಯು ಮತ್ತೆ ಮಗುಚಿತು! ಈಗ ಅಳತೆ, ತೂಕಗಳೆರಡೂ ಸರಿಯಾಗಿದ್ದವು. ಹಾಗಾದರೆ ತಪ್ಪು ಎಲ್ಲಿ?

ಹಡಗನ್ನು ವಾಲಿಸುವ ಗಾಳಿಯ ತಿರುಪು ಹಾಯಿಯ ವಿಸ್ತೀರ್ಣವನ್ನೂ ಅದರ ಎತ್ತರವನ್ನೂ ಅವಲಂಬಿಸಿದೆ. ಆದ್ದರಿಂದ ಮಾದರಿಯಲ್ಲಿ ಅದು 50ರ ಮೂರನೆಯ ಘಾತದಷ್ಟು ಕುಗ್ಗುತ್ತದೆ. ನೆಟ್ಟಗೆ ನಿಲ್ಲಿಸುವ ತಿರುಪು ತೂಕವನ್ನೂ ಮೆಟಾಸೆಂಟರಿನ ಎತ್ತರವನ್ನೂ ಅವಲಂಬಿಸಿದೆ. ಅದು 50ರ ನಾಲ್ಕನೆಯ ಘಾತದಷ್ಟು ಕುಗ್ಗುತ್ತದೆ. ಆದಕಾರಣ ಅದೇ ಗಾಳಿಗೆ ಮಾದರಿಯು ಹಡಗಿಗಿಂತ ಐವತ್ತುಪಟ್ಟು ದುರ್ಬಲ. ಆಕಾರವನ್ನು ನಾವು ಕುಗ್ಗಿಸಬಲ್ಲೆವು. ಕೆರೆಯ ಮೇಲೆ ಬೀಸುವ ಗಾಳಿಯನ್ನು ಕುಗ್ಗಿಸಲಾರೆವು.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಮಾದರಿಗೆ ತಕ್ಕ ಗಾಳಿಯ ವೇಗವು 50ರ ವರ್ಗಮೂಲದಷ್ಟು, ಎಂದರೆ ಸುಮಾರು ಏಳರಷ್ಟು, ಕಡಿಮೆಯಿರಬೇಕು. ಹಡಗಿಗೆ ಗಂಟೆಗೆ 35 ಕಿ.ಮೀ. ಗಾಳಿ ಹೇಗೋ ಮಾದರಿಗೆ 5 ಕಿ.ಮೀ. ಗಾಳಿ ಹಾಗೆ. ನಮಗೆ ಸಾಧಾರಣವೆನಿಸಿದ ಗಾಳಿಯು ನಮ್ಮ ಮಂಜಿಗೆ ಚಂಡಮಾರುತವಾಗಿತ್ತು.

ಇದೇ ವರ್ಗಮೂಲದ ನಿಯಮವನ್ನು ಅಲೆಗಳ ವಿಷಯದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು ಬಳಸಿಕೊಂಡನು. 1872ರಲ್ಲಿ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಮಾದರಿಗಳನ್ನು ತಕ್ಕ ವೇಗದಲ್ಲಿ ಎಳೆದು, ಪೂರ್ಣಗಾತ್ರದ ಹಡಗಿಗೆ ನೀರು ಒಡ್ಡುವ ತಡೆಯನ್ನು ಮುಂಚಿತವಾಗಿಯೇ ಲೆಕ್ಕಹಾಕಿದನು. ವಿಶಾಖಪಟ್ಟಣದಲ್ಲಿರುವ ನಮ್ಮ ನೌಕಾ ಪ್ರಯೋಗಾಲಯದಲ್ಲಿಯೂ ಇಂಥ ತೊಟ್ಟಿಯಿದೆ. ಹಡಗನ್ನು ಕಡಲಿಗಿಳಿಸುವ ಮುನ್ನ ಅದರ ತಪ್ಪುಗಳು ತೊಟ್ಟಿಯಲ್ಲಿ ಬಯಲಾದರೆ ಜೀವಗಳು ಉಳಿಯುತ್ತವೆ.

ಕೊನೆಯ ಮಾತು

ನಮ್ಮ ಮುಂದೆ ಈಗ ಎರಡು ದಾರಿಗಳಿದ್ದವು. ಹಡಗಿನ ಆಕಾರಕ್ಕೆ ನಿಷ್ಠರಾಗಿ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಾಗಿತ್ತು. ಇಲ್ಲವೆ ತಳಕ್ಕೆ ಆಳವಾದ ತೂಕದ ಹಲಗೆಯೊಂದನ್ನು ಜೋಡಿಸಿ, ಆಕಾರವನ್ನು ತುಸು ಬಿಟ್ಟುಕೊಟ್ಟು, ಕೆರೆಯಲ್ಲಿ ತೇಲಿಸಬಹುದಾಗಿತ್ತು. ಕಳಚಿ ತೆಗೆಯಬಲ್ಲ ಹಲಗೆಯೊಂದನ್ನು ಮಾಡಿ ಎರಡನ್ನೂ ಸಾಧಿಸಿದೆವು. ಪ್ರಯೋಗಶಾಲೆಯ ಕಪಾಟಿನಲ್ಲಿರುವಾಗ ಅದು ಮಂಜಿ. ಕೆರೆಯಲ್ಲಿರುವಾಗ ಮಂಜಿಯ ಹೋಲಿಕೆಯುಳ್ಳ ದೋಣಿ.

ಮಾದರಿಯು ಮಗುಚಿದ ದಿನ ವಿದ್ಯಾರ್ಥಿಗಳು ಬಹಳ ನಿರಾಶರಾದರು. ಆದರೆ ಅದು ಮೊದಲ ಸಲವೇ ನೆಟ್ಟಗೆ ತೇಲಿದ್ದರೆ ಮೇಲಿನ ಲೆಕ್ಕಗಳಲ್ಲಿ ಒಂದನ್ನೂ ನಾವು ಮಾಡುತ್ತಿರಲಿಲ್ಲ. ಮಾದರಿ ಕಟ್ಟಲು ಹೊರಡುವ ಓದುಗರು ಗರಗಸ, ಉಳಿ, ಅಂಟುಗಳ ಜೊತೆಗೆ ಒಂದು ತಕ್ಕಡಿಯನ್ನೂ ಒಂದು ಟಿಪ್ಪಣಿ ಪುಸ್ತಕವನ್ನೂ ಇಟ್ಟುಕೊಳ್ಳಲಿ. ಕೆರೆಯಲ್ಲಿ ಮಗುಚಿದ ಹಡಗನ್ನು ಎತ್ತಿ ಒರಸಿ ಮತ್ತೆ ತೇಲಿಸಬಹುದು. ಕಡಲಿನಲ್ಲಿ ಮಗುಚಿದ್ದಕ್ಕೆ ಆ ಅವಕಾಶವಿಲ್ಲ.